ಒಂದೇ ಕೆರೆ, ಹಲವು ಹಾಳೆಗಳು

ಪ್ರಕೃತಿಚಿತ್ರವನ್ನು ಬೇಡವೆನ್ನುವವರು ಯಾರೂ ಇಲ್ಲ. ಬ್ಯಾಂಕಿನವರು ಹಂಚುವ ಕ್ಯಾಲೆಂಡರಿನಲ್ಲಿ, ಹೋಟೆಲಿನ ಸ್ವಾಗತ ಕೊಠಡಿಯಲ್ಲಿ, ಹಲ್ಲಿನ ಡಾಕ್ಟರು ರೋಗಿಗಳನ್ನು ಕೂರಿಸುವ ಜಾಗದಲ್ಲಿ ಒಂದು ಜಲಪಾತವೋ ತೆಂಗಿನ ತೋಪೋ ಹಿಮದ ಬೆಟ್ಟವೋ ಇದ್ದೇ ಇರುತ್ತದೆ. ಅದನ್ನು ಯಾರೂ ದೂರುವುದಿಲ್ಲ, ಯಾರೂ ನಿಂತು ನೋಡುವುದೂ ಇಲ್ಲ. ಜಲವರ್ಣದಲ್ಲಿ ನಿಸರ್ಗಚಿತ್ರಗಳನ್ನು ಬರೆಯುತ್ತ ಬಂದಿರುವ ನನ್ನನ್ನು ಬಹಳ ಕಾಲದಿಂದ ಕಾಡಿದ ಸಂಗತಿಯಿದು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಬಳಿ ಸಂಜೆಯ ನಡಿಗೆಗೆ ಬಂದವರು ಹೊತ್ತು ಮುಳುಗುವ ಸಮಯಕ್ಕೆ ಮಾತು ನಿಲ್ಲಿಸಿ, ಕೈಯಲ್ಲಿರುವ ಫೋನನ್ನೂ ಮರೆತು ನೀರಿನ ಕಡೆ ನೋಡುತ್ತ ನಿಲ್ಲುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅದೇ ಜನರ ಮುಂದೆ ಅದೇ ಸಂಜೆಯ ಚಿತ್ರವನ್ನು ಹಿಡಿದರೆ "ತುಂಬಾ ಚೆನ್ನಾಗಿದೆ" ಎಂದು ಪ್ರೀತಿಯಿಂದ ಹೇಳಿ ಮುಂದೆ ಹೋಗುತ್ತಾರೆ. ಅವರ ಮೆಚ್ಚುಗೆಯಲ್ಲಿ ಸುಳ್ಳಿಲ್ಲ. ಆದರೆ ಕೆರೆಯ ಎದುರು ಅವರೊಳಗೆ ಏನೋ ಕದಲಿತ್ತಲ್ಲ, ಅದು ಚಿತ್ರದ ಎದುರು ಕದಲಲಿಲ್ಲ.

ಬಣ್ಣ ಸಾಲದೆ ಹೀಗಾಯಿತೆಂದು ಹೇಳುವವರಿದ್ದಾರೆ. ಆಕಾಶವನ್ನು ಇನ್ನಷ್ಟು ಕೆಂಪು ಮಾಡು, ನೆರಳನ್ನು ಇನ್ನಷ್ಟು ಗಾಢ ಮಾಡು ಎನ್ನುತ್ತಾರೆ. ಈ ಸಲಹೆಯನ್ನು ನಾನು ಒಪ್ಪಲಾರೆ. ಭಾವವನ್ನು ಬಣ್ಣದ ಡಬ್ಬಿಯಿಂದ ತೆಗೆದು ಹಾಳೆಗೆ ಹಚ್ಚಲು ಬರುವುದಿಲ್ಲ. ಒಂದೇ ಕೆರೆಯನ್ನು ಒಂದೇ ಜಾಗದಲ್ಲಿ ಕುಳಿತು ತಿಂಗಳುಗಟ್ಟಲೆ ಬರೆದ ಮೇಲೆ ನನಗೆ ಮನವರಿಕೆಯಾಗಿರುವುದು ಇಷ್ಟು: ಮನುಷ್ಯರಿಲ್ಲದ ನಿಸರ್ಗಚಿತ್ರದಲ್ಲಿ ಭಾವ ಹುಟ್ಟುವುದು ಯಾವುದೋ ಒಂದು ಹಾಳೆಯೊಳಗಲ್ಲ, ಒಂದು ಹಾಳೆಗೂ ಅದರ ಪಕ್ಕದ ಹಾಳೆಗೂ ನಡುವೆ. ಆದ್ದರಿಂದಲೇ ಸರಣಿ ಬೇಕು.

ದೀಪ ಹಿಡಿದ ಹೆಣ್ಣು ಮತ್ತು ಬರಿಯ ನೀರು

ಒಂದೇ ಚಿತ್ರ ನೋಡುವವರನ್ನು ಕಟ್ಟಿ ನಿಲ್ಲಿಸಬಲ್ಲದು ಎಂಬುದಕ್ಕೆ ಮೈಸೂರಿನವರಿಗೆ ಉದಾಹರಣೆ ಹುಡುಕಬೇಕಾಗಿಲ್ಲ. ಜಗನ್ಮೋಹನ ಅರಮನೆಯ ಕತ್ತಲ ಕೋಣೆಯಲ್ಲಿರುವ ದೀಪಧಾರಿಣಿಯನ್ನು ಶಾಲೆಯ ಪ್ರವಾಸದಲ್ಲಾದರೂ ನೋಡದವರು ಕಡಿಮೆ. ಅದನ್ನು ರವಿವರ್ಮನ ಚಿತ್ರವೆಂದು ಇವತ್ತಿಗೂ ಹಲವರು ಹೇಳುತ್ತಾರೆ. ಬರೆದವರು ಎಸ್. ಎಲ್. ಹಲ್ದಣಕರ್, ಬರೆದದ್ದು ಎಣ್ಣೆಬಣ್ಣದಲ್ಲಲ್ಲ, ಜಲವರ್ಣದಲ್ಲಿ, ಮಾದರಿಯಾಗಿ ನಿಂತವರು ಅವರ ಮಗಳು. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಅಂಚಿನಲ್ಲಿ ಬೆಳಕು ರಕ್ತದ ಕೆಂಪಾಗಿ ಸೋಸಿ ಬರುವುದನ್ನು ಜಲವರ್ಣದಲ್ಲಿ ಸಾಧಿಸುವುದು ಎಷ್ಟು ಕಷ್ಟವೆಂಬುದು ಕುಂಚ ಹಿಡಿದವರಿಗೆ ಗೊತ್ತು. ಆದರೆ ಆ ಚಿತ್ರದ ಮುಂದೆ ಜನ ಮೌನವಾಗುವುದು ಕೌಶಲ ಒಂದರಿಂದಲೇ ಅಲ್ಲ. ಅಲ್ಲಿ ಒಂದು ಮುಖವಿದೆ, ದೀಪ ಆರಬಾರದೆಂಬ ಕಾಳಜಿಯಿದೆ. ನೋಡುವವರ ಭಾವಕ್ಕೆ ನಿಲ್ಲಲು ಒಂದು ನೆಲೆ ಸಿಕ್ಕಿದೆ.

ನಮ್ಮ ರಸಶಾಸ್ತ್ರ ಈ ನೆಲೆಯನ್ನು ಆಲಂಬನ ವಿಭಾವ ಎನ್ನುತ್ತದೆ. ಯಾರ ವಿಷಯದಲ್ಲಿ ಭಾವ ಹುಟ್ಟುತ್ತದೆಯೋ ಅವರು ಆಲಂಬನ; ಆ ಭಾವವನ್ನು ಕೆರಳಿಸುವ ಬೆಳದಿಂಗಳು, ಮೋಡ, ತಂಗಾಳಿ, ಕೋಗಿಲೆ ಇವೆಲ್ಲ ಉದ್ದೀಪನ. ಎಂದರೆ ಶಾಸ್ತ್ರದ ಲೆಕ್ಕದಲ್ಲಿ ನಿಸರ್ಗದ ಕೆಲಸ ಬೆಂಕಿಗೆ ಗಾಳಿ ಹಾಕುವುದು. ಬೆಂಕಿ ಬೇರೆ ಕಡೆ ಹೊತ್ತಿರಬೇಕು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಋತುಗಳನ್ನು ಬರೆಯುವ ಬಗೆಯನ್ನು ಹೇಳುವಾಗಲೂ ಜೀವಿಗಳನ್ನು ಬಿಡುವುದಿಲ್ಲ: ಬೇಸಗೆಯೆಂದರೆ ದಣಿದ ಜನ, ನೆರಳು ಹುಡುಕುವ ಪ್ರಾಣಿಗಳು, ಕೆಸರು ಮೆತ್ತಿಕೊಂಡ ಎಮ್ಮೆಗಳು, ಬತ್ತಿದ ಕೊಳಗಳು. ಬಿಸಿಲನ್ನು ಬಿಸಿಲಾಗಿಯೇ ಬರೆಯುವುದಕ್ಕಿಂತ ಬಿಸಿಲಿಗೆ ಸಿಕ್ಕಿದವರನ್ನು ಬರೆಯಬೇಕೆಂಬ ಈ ತಿಳಿವಳಿಕೆ ಬಹಳ ಆಳವಾದದ್ದು. ರಾಜಸ್ಥಾನದ ಮತ್ತು ಪಹಾಡಿ ಆಸ್ಥಾನಗಳ ಬಾರಾಮಾಸ ಚಿತ್ರಗಳು ಇದನ್ನೇ ಹನ್ನೆರಡು ತಿಂಗಳಿಗೆ ಹಂಚಿದವು. ಶ್ರಾವಣದಲ್ಲಿ ನದಿಗಳು ಕಡಲಿಗೆ ಧಾವಿಸುತ್ತವೆ, ಬಳ್ಳಿಗಳು ಮರಗಳನ್ನು ಅಪ್ಪುತ್ತವೆ. ಜ್ಯೇಷ್ಠದಲ್ಲಿ ಬಿಸಿಲಿಗೆ ಬಳಲಿದ ಆನೆ ಸಿಂಹಗಳು ಹಗೆ ಮರೆತು ಮಲಗುತ್ತವೆ. ಪ್ರತಿಯೊಂದರಲ್ಲೂ ನಾಯಿಕೆ ನಾಯಕನಿಗೆ, ಈ ತಿಂಗಳು ಬಿಟ್ಟು ಹೋಗಬೇಡವೆಂದು ಹೇಳುತ್ತಿರುತ್ತಾಳೆ.

ಹಾಗಾದರೆ ನಾಯಿಕೆಯೂ ಇಲ್ಲದ, ಎಮ್ಮೆಯೂ ಇಲ್ಲದ, ಬರಿಯ ನೀರು, ಆಕಾಶ, ದಡ ಮಾತ್ರ ಇರುವ ಚಿತ್ರದಲ್ಲಿ ಆಲಂಬನ ಯಾವುದು? ಇದು ಶಾಸ್ತ್ರದ ಮೇಲಿನ ತಕರಾರಲ್ಲ. ಕುಂಚ ಅದ್ದುವ ಮುಂಚೆ ಉತ್ತರ ಹುಡುಕಿಕೊಳ್ಳಲೇಬೇಕಾದ ಪ್ರಶ್ನೆ. ನನಗೆ ದಾರಿ ತೋರಿಸಿದ್ದು ಅದೇ ಶಾಸ್ತ್ರದ ಮತ್ತೊಂದು ಜೋಡಿ. ನಾಟ್ಯಶಾಸ್ತ್ರದ ಭರತ ಎಂಟು ಸ್ಥಾಯಿಭಾವಗಳನ್ನೂ ಮೂವತ್ತಮೂರು ವ್ಯಭಿಚಾರಿ (ಸಂಚಾರಿ) ಭಾವಗಳನ್ನೂ ಹೇಳುತ್ತಾನೆ. ಸ್ಥಾಯಿ ನಿಂತಿರುತ್ತದೆ, ಚಿಂತೆ, ಶಂಕೆ, ಹರ್ಷ, ಗ್ಲಾನಿ ಮುಂತಾದ ವ್ಯಭಿಚಾರಿಗಳು ಅದರ ಮೇಲೆ ಬಂದು ಹೋಗುತ್ತವೆ. ಬಂದು ಹೋಗುವವುಗಳಿಂದಲೇ ನಿಂತದ್ದು ಪುಷ್ಟಿಯಾಗುತ್ತದೆ. ಒಂದೇ ಹಾಳೆಯಲ್ಲಿ ಯಾವುದು ನಿಂತದ್ದು, ಯಾವುದು ಬಂದು ಹೋಗುವುದು ಎಂದು ಗೊತ್ತಾಗುವುದು ಹೇಗೆ? ಕೆರೆಯೂ ಇದೆ, ಮಂಜೂ ಇದೆ. ಎರಡೂ ಸಮಾನವಾಗಿ ಶಾಶ್ವತವೆಂಬಂತೆ ಕಾಣುತ್ತವೆ. ಹಲವು ಹಾಳೆಗಳನ್ನು ಒಟ್ಟಿಗೆ ಇಟ್ಟಾಗಲೇ ಕೆರೆ ಸ್ಥಾಯಿಯಾಗುತ್ತದೆ, ಮಂಜು ಸಂಚಾರಿಯಾಗುತ್ತದೆ.

ಕದಲಬಾರದ ಸಂಗತಿಗಳು

ಹಾಗಾಗಿ ಸರಣಿಯನ್ನು ಆರಂಭಿಸುವಾಗ ನಾನು ಮೊದಲು ಯೋಚಿಸಿದ್ದು ಏನನ್ನು ಬದಲಿಸಬೇಕೆಂಬುದನ್ನಲ್ಲ, ಏನನ್ನು ಬದಲಿಸಕೂಡದೆಂಬುದನ್ನು. ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ವ್ಯವಸಾಯಕ್ಕೆ ನೀರುಣಿಸಲೆಂದು ಆದದ್ದು. ಈಗ ಅದು ಮಾನಸಗಂಗೋತ್ರಿಯ ಪಕ್ಕದಲ್ಲಿ ಊರಿನ ಉಸಿರಾಗಿದೆ. ಸುತ್ತಲಿನ ದಾರಿಯಲ್ಲಿ ಒಂದು ತಿರುವಿದೆ. ಅಲ್ಲಿ ಕುಳಿತರೆ ನೀರಿನಾಚೆ ಮರಗಳ ಸಾಲು, ಅದರ ಮೇಲೆ ಚಾಮುಂಡಿ ಬೆಟ್ಟದ ಬೆನ್ನು, ಈಚೆ ನೀರಿನಲ್ಲೇ ನಿಂತ ಒಂದು ಒಣಮರ ಕಾಣುತ್ತಿದ್ದವು. ಹಾಳೆಯ ಅಳತೆ ಒಂದೇ, ಅರ್ಧ ಇಂಪೀರಿಯಲ್. ಆಚೆ ದಡದ ಗೆರೆ ಎಲ್ಲ ಹಾಳೆಗಳಲ್ಲೂ ಒಂದೇ ಎತ್ತರದಲ್ಲಿ. ಒಣಮರ ಯಾವಾಗಲೂ ಎಡಗಡೆಯ ಮೂರನೇ ಒಂದು ಭಾಗದಲ್ಲಿ. ಬಣ್ಣಗಳನ್ನೂ ಮಿತಿಗೊಳಿಸಿಕೊಂಡೆ. ಬೂದು ಬೇಕೆಂದಾಗಲೆಲ್ಲ ಟ್ಯೂಬಿನ ಬೂದನ್ನು ಮುಟ್ಟದೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿಯೇ ಮಾಡಿಕೊಂಡೆ. ನೀಲಿ ಒಂದು ಪಾಲು ಹೆಚ್ಚಾದರೆ ಅದು ಮಳೆಗಾಲದ ಬೂದು. ಕಂದು ಒಂದು ಪಾಲು ಹೆಚ್ಚಾದರೆ ಬೇಸಗೆಯ ದೂಳಿನ ಬೂದು. ಅಲ್ಟ್ರಾಮರೀನಿನ ಕಣಗಳು ಒರಟು ಕಾಗದದ ತಗ್ಗುಗಳಲ್ಲಿ ಇಳಿದು ಕೂರುತ್ತವೆ. ಹಾಗೆ ಮೂಡುವ ಸಣ್ಣ ಹರಳು ಹರಳಾದ ಮೇಲ್ಮೈ ಮಂಜಿಗೂ ತುಂತುರಿಗೂ ತಾನೇ ಒದಗಿಬರುತ್ತದೆ.

ಇಲ್ಲಿ ಫ್ರಾನ್ಸಿನ ಚಿತ್ರಕಾರ ಮೊನೆಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1890ರ ಬೇಸಗೆಯ ಕೊನೆಯಿಂದ ಮರುವರ್ಷದವರೆಗೆ ಕ್ಲೋದ್ ಮೊನೆ ಜಿವೆರ್ನಿಯ ತನ್ನ ಮನೆಯ ಹತ್ತಿರದ ಹೊಲದಲ್ಲಿದ್ದ ಗೋಧಿಯ ಬಣವೆಗಳನ್ನು ಸುಮಾರು ಇಪ್ಪತ್ತೈದು ಕ್ಯಾನ್ವಾಸುಗಳಲ್ಲಿ ಬರೆದ. ಅವುಗಳಲ್ಲಿ 15 ಚಿತ್ರಗಳು 1891ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ದ್ಯುರಾಂ-ರ‍್ಯುಯೆಲ್ ಗ್ಯಾಲರಿಯಲ್ಲಿ ಒಟ್ಟಿಗೆ ಪ್ರದರ್ಶನಗೊಂಡವು. ರಾಗಿಯ ಬಣವೆಗಳನ್ನು ನೋಡುತ್ತ ಬೆಳೆದ ನಮಗೆ ಆ ಆಕಾರ ಅಪರಿಚಿತವಲ್ಲ. ಅದರಲ್ಲಿ ಚಿತ್ರ ಬರೆಯುವಂಥದ್ದೇನೂ ಇಲ್ಲ ಎಂದೂ ನಮಗೆ ಗೊತ್ತು. ಬಣವೆ ಕದಲದೆ ನಿಂತಿರುತ್ತದೆ, ಅಷ್ಟೆ. ಹಿಮ ಬೀಳುತ್ತದೆ, ಕರಗುತ್ತದೆ, ಸಂಜೆಯ ಬೆಳಕು ಅದರ ಬೆನ್ನ ಹಿಂದೆ ಉರಿಯುತ್ತದೆ. ಬೆಳಕು ಬದಲಾದಂತೆ ಮೊನೆ ಕ್ಯಾನ್ವಾಸನ್ನು ಬದಲಿಸಿ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಮರುವರ್ಷದ ಪಾಪ್ಲರ್ ಮರಗಳ ಸರಣಿಯಲ್ಲಿ ಒಂದು ಬೆಳಕಿನ ಆಯುಸ್ಸು ಏಳು ನಿಮಿಷ ಮಾತ್ರವಾಗಿತ್ತೆಂದು ಅವನ ನೆರೆಯಲ್ಲಿದ್ದ ಅಮೆರಿಕದ ಚಿತ್ರಗಾರ್ತಿ ಲಿಲಾ ಕ್ಯಾಬಟ್ ಪೆರಿ ದಾಖಲಿಸಿದ್ದಾಳೆ. ಅದೇ ಸರಣಿ ಮುಗಿಯುವ ಮೊದಲೇ ಆ ಮರಗಳು ಹರಾಜಿಗೆ ಬಂದಾಗ, ಚಿತ್ರ ಮುಗಿಯುವವರೆಗೆ ಕಡಿಯದಿರಲೆಂದು ಮೊನೆ ಮರದ ವ್ಯಾಪಾರಿಗೆ ಹಣ ಕೊಟ್ಟು ಒಪ್ಪಂದ ಮಾಡಿಕೊಂಡ. ಈ ಸಂಗತಿಯನ್ನು ಓದಿದವರು ಕಲಾವಿದನ ಹಟವೆಂದು ಮೆಚ್ಚಿಕೊಳ್ಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಸರಣಿಯ ನಿಯಮ: ನಿಂತದ್ದು ನಿಂತಿರಲೇಬೇಕು, ಇಲ್ಲವಾದರೆ ಬಂದು ಹೋಗುವುದಕ್ಕೆ ಅರ್ಥವಿಲ್ಲ.

ಜಪಾನಿನ ಮುದ್ರಣಚಿತ್ರಕಾರ ಹೊಕುಸಾಯ್ ಫುಜಿ ಪರ್ವತದ ಮೂವತ್ತಾರು ನೋಟಗಳೆಂದು ಹೊರಟು, ಹತ್ತು ಸೇರಿಸಿ ನಲವತ್ತಾರು ಮಾಡಿದ. ಅವನದು ಬೇರೆ ಮಾರ್ಗ. ಬೆಟ್ಟ ನಿಂತಿರುತ್ತದೆ, ನೋಡುವ ಜಾಗ ಅಲೆಯುತ್ತದೆ. ಅದರ ಸೊಗಸೇ ಸೊಗಸು. ಆದರೆ ನನಗೆ ಕುಳಿತಲ್ಲೇ ಕುಳಿತಿರುವುದು ಬೇಕಾಗಿತ್ತು.

ಕಾಗದಕ್ಕೂ ಹವೆ ತಾಗುತ್ತದೆ

ಜಲವರ್ಣದ ಒಂದು ಗುಣವನ್ನು ಹೇಳಲೇಬೇಕು. ಎಣ್ಣೆಬಣ್ಣ ಹವೆಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಜಲವರ್ಣ ಹವೆಯಿಂದಲೇ ಆಗುತ್ತದೆ. ಮಾರ್ಚಿಯಲ್ಲಿ ಆಕಾಶಕ್ಕೆಂದು ಎಳೆದ ನೀಲಿ, ಕುಂಚ ಹಾಳೆಯ ಇನ್ನೊಂದು ಅಂಚಿಗೆ ಹೋಗಿ ಬರುವಷ್ಟರಲ್ಲಿ ಒಣಗಿ ಗಟ್ಟಿ ಗೆರೆಯಾಗುತ್ತದೆ. ಜುಲೈಯಲ್ಲಿ ಅದೇ ನೀಲಿ ಬಹಳ ಹೊತ್ತು ಹಸಿಯಾಗಿಯೇ ಉಳಿದು, ಬೆಟ್ಟದ ಅಂಚು ಆಕಾಶದೊಳಕ್ಕೆ ಹರಡಿಕೊಳ್ಳುತ್ತದೆ. ಬೇಸಗೆಯ ಹಾಳೆಗಳಲ್ಲಿ ಎಲ್ಲ ಅಂಚುಗಳೂ ಕಡಿದಂತೆ, ಮಳೆಗಾಲದ ಹಾಳೆಗಳಲ್ಲಿ ಎಲ್ಲವೂ ಕಲಸಿದಂತೆ ಇರುವುದು ನನ್ನ ಆಯ್ಕೆಯಲ್ಲ. ಅದನ್ನು ತಿದ್ದಬಾರದು ಎಂಬುದು ಮಾತ್ರ ನನ್ನ ಆಯ್ಕೆ. ಮೈಸೂರಿನ ಮುಂಗಾರು ಮಲೆನಾಡಿನದರಂತೆ ಹಗಲಿರುಳು ಹೊಯ್ಯುವುದಲ್ಲ. ಜೂನ್ ಜುಲೈಗಳಲ್ಲಿ ಜಿನುಗು, ಗಾಳಿ, ತಗ್ಗಿ ಬಂದ ಮೋಡ. ಬಿರುಸಿನ ಮಳೆ ಅದಕ್ಕೆ ಮುಂಚಿನ ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ.

ಮೇ ತಿಂಗಳ ಒಂದು ಸಂಜೆಯ ನೆನಪು ನನ್ನ ಮಟ್ಟಿಗೆ ಈ ಇಡೀ ಕೆಲಸದ ನಡುಗಂಬ. ಮಧ್ಯಾಹ್ನವೆಲ್ಲ ಧಗೆ, ಎಲೆ ಅಲ್ಲಾಡುತ್ತಿರಲಿಲ್ಲ. ಐದು ಗಂಟೆಯ ಹೊತ್ತಿಗೆ ಬೆಟ್ಟದ ಹಿಂದಿನಿಂದ ಮೋಡ ಎದ್ದು ತಲೆಯ ಮೇಲಕ್ಕೆ ಬಂತು. ಮಳೆ ಬರುವ ಮುಂಚಿನ ಕೆರೆ ಕಪ್ಪಾಗುತ್ತದೆಂದು ನಾವೆಲ್ಲ ನಂಬಿರುತ್ತೇವೆ. ಕಲಿತ ಕೈಯೂ ತಾನಾಗಿ ನೀರಿಗೆ ಕಪ್ಪನ್ನೇ ಹಚ್ಚಲು ಹೋಗುತ್ತದೆ. ಆದರೆ ಅಂದು ಆಕಾಶಕ್ಕಿಂತ ನೀರು ಬೆಳ್ಳಗಿತ್ತು. ಮೋಡ ಇನ್ನೂ ಮುಚ್ಚದ ದಿಗಂತದ ಅಂಚಿನಲ್ಲಿ ಉಳಿದಿದ್ದ ಒಂದಿಷ್ಟು ಬೆಳಕು ಪೂರ್ತಿಯಾಗಿ ನೀರಿಗೆ ಬಿದ್ದಿತ್ತು. ಬೆಳಕು ಮೇಲಿರಬೇಕು, ಕತ್ತಲು ಕೆಳಗಿರಬೇಕು ಎಂಬ ಕಣ್ಣಿನ ರೂಢಿ ತಲೆಕೆಳಗಾಗಿತ್ತು. ಒಣಮರದ ಮೇಲಿದ್ದ ನೀರುಕಾಗೆಗಳು ಒಂದೂ ರೆಕ್ಕೆ ಬಿಚ್ಚದೆ ಮುದುಡಿ ಕೂತಿದ್ದವು. ನಡೆಯಲು ಬಂದವರು ಓಡತೊಡಗಿದರು. ಗುಲ್‌ಮೊಹರಿನ ಎಸಳುಗಳು ದಾರಿಯ ಮೇಲೆ ಉರುಳಿಕೊಂಡು ಹೋದವು. ನನಗೆ ಭಯವಾಯಿತು, ಸಿಡಿಲಿನ ಭಯವಷ್ಟೇ ಅಲ್ಲ, ಆ ಬಿಳಿಯ ನೀರಿನ ಭಯ. ನೀರಿನ ಭಾಗವನ್ನು ಬಹುಮಟ್ಟಿಗೆ ಬರಿಯ ಕಾಗದವಾಗಿಯೇ ಬಿಟ್ಟು, ಆಕಾಶಕ್ಕೆ ಹೊರೆ ಹೊರೆ ನೀಲಿ ಕಂದುಗಳನ್ನು ಹಾಕಿದೆ. ಮೊದಲ ಹನಿಗಳು ಹಸಿ ಆಕಾಶದ ಮೇಲೆಯೇ ಬಿದ್ದು ಹೂವಿನಾಕಾರದ ಕಲೆಗಳಾದವು. ಅವು ಈಗಲೂ ಹಾಗೆಯೇ ಇವೆ.

ಈ ಹಾಳೆಯೊಂದನ್ನೇ ಹಿಡಿದು ತೋರಿಸಿದರೆ ನೋಡುವವರು ಇದನ್ನು ಬೆಳದಿಂಗಳೆಂದು ತಿಳಿಯುತ್ತಾರೆ. ಬೆಳ್ಳನೆಯ ನೀರು, ಕಪ್ಪು ಆಕಾಶ, ಶಾಂತವಾಗಿದೆ ಎನ್ನುತ್ತಾರೆ. ಏಪ್ರಿಲ್‌ನ ಹಾಳೆಯ ಪಕ್ಕದಲ್ಲಿ, ಅಲ್ಲಿನ ಬೂದು ಆಕಾಶ ಮತ್ತು ಅದಕ್ಕಿಂತ ಗಾಢವಾದ ಸಾಧಾರಣ ನೀರಿನ ಪಕ್ಕದಲ್ಲಿ ಇಟ್ಟಾಗ ಮಾತ್ರ ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಭಯಾನಕಕ್ಕೆ ಏಪ್ರಿಲ್‌ನ ಆ ನೀರಸ ಹಾಳೆಯೇ ಬೇಕಾಯಿತು. ಸರಣಿಯಲ್ಲಿ ನೀರಸ ಹಾಳೆಗಳು ಇರಲೇಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಎಲ್ಲ ಹಾಳೆಗಳೂ ಸೂರ್ಯಾಸ್ತಗಳಾದರೆ ಒಂದೂ ಸೂರ್ಯಾಸ್ತವಾಗುವುದಿಲ್ಲ.

ಮರ ಎಲ್ಲಿ ಹೋಯಿತು

ಅಕ್ಟೋಬರ್‌ನ ಒಂದು ರಾತ್ರಿ ಜೋರು ಮಳೆಯಾಗಿ, ಮರುದಿನ ನಾನು ಹೋದಾಗ ಒಣಮರ ಇರಲಿಲ್ಲ. ಬುಡ ಕೊಳೆತಿತ್ತೆಂದು ಕಾಣುತ್ತದೆ. ನೀರಿನ ಮಟ್ಟದಲ್ಲಿ ಒಂದು ಮೊಂಡು ತುದಿ ಮಾತ್ರ ಉಳಿದಿತ್ತು. ಮೊನೆಯಂತೆ ಹಣ ಕೊಟ್ಟು ನಿಲ್ಲಿಸಿಕೊಳ್ಳುವ ವಿಷಯವಲ್ಲ ಅದು. ಸರಣಿಯ ಸಲುವಾಗಿ ಮರವನ್ನು ನೆನಪಿನಿಂದ ಬರೆದುಬಿಡಬಹುದಾಗಿತ್ತು. ಜಪಾನಿ ಮುದ್ರಣಚಿತ್ರಕಾರನೊಬ್ಬ ಇದಕ್ಕೆ ಹಿಂದೆಮುಂದೆ ನೋಡುತ್ತಿರಲಿಲ್ಲವೇನೋ. ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಇನ್ನೊಂದು ಸೆಳೆತವೂ ಇತ್ತು, ಮೊದಲಿನದಕ್ಕಿಂತ ಬಲವಾದದ್ದು: ನಷ್ಟವನ್ನು ನಷ್ಟದಂತೆ ಬರೆಯುವುದು, ಆಕಾಶವನ್ನು ಮಂಕು ಮಾಡುವುದು, ಮೊಂಡು ತುದಿಯ ಮೇಲೆ ಒಂಟಿ ಹಕ್ಕಿಯನ್ನು ಕೂರಿಸುವುದು. ಆದರೆ ಅಂದಿನ ಬೆಳಗು ವರ್ಷದಲ್ಲೇ ಅತ್ಯಂತ ನಿರ್ಮಲವಾದ ಬೆಳಗಾಗಿತ್ತು. ಮಳೆ ತೊಳೆದ ಗಾಳಿಯಲ್ಲಿ ಬೆಟ್ಟ ಕೈಗೆಟಕುವಂತಿತ್ತು. ಹೆಜ್ಜಾರ್ಲೆಗಳು ತಮ್ಮ ಪಾಡಿಗೆ ತೇಲುತ್ತಿದ್ದವು. ಮರವಿದ್ದ ಜಾಗದಲ್ಲಿ ಆಕಾಶದ ನೀಲಿ ನೀರಿನಲ್ಲಿ ತಡೆಯಿಲ್ಲದೆ ಹರಡಿತ್ತು. ಇದ್ದದ್ದನ್ನು ಇದ್ದ ಹಾಗೆ, ಅಷ್ಟೇ ಬೆಳಕಾಗಿ ಬರೆದೆ. ಹೆಜ್ಜಾರ್ಲೆಗಳನ್ನು ಬಿಟ್ಟೆ; ಅವು ಕಣ್ಣನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ.

ಆಮೇಲೆ ಹಾಳೆಗಳನ್ನೆಲ್ಲ ಸ್ನೇಹಿತರೊಬ್ಬರ ಮನೆಯ ಹಜಾರದಲ್ಲಿ ಗೋಡೆಯುದ್ದಕ್ಕೂ ಒರಗಿಸಿಟ್ಟು ನೋಡಿದೆವು. ಅವರ ತಾಯಿ, ಚಿತ್ರಕಲೆಯ ಗೋಜಿಗೆ ಎಂದೂ ಹೋಗದ ಹಿರಿಯರು, ಕಾಫಿ ಕೊಟ್ಟು ಲೋಟ ತೆಗೆದುಕೊಂಡು ಹೋಗಲು ಬಂದವರು, ಸಾಲನ್ನು ಒಂದು ತುದಿಯಿಂದ ನೋಡುತ್ತ ಬಂದರು. ಯಾವ ಹಾಳೆಯ ಮುಂದೆಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಕ್ಟೋಬರ್‌ನ ಆ ಬೆಳಗಿನ ಹಾಳೆಗೆ ಬಂದಾಗ ನಿಂತರು. ಹಿಂದಿನ ಹಾಳೆಗೆ ಮರಳಿದರು. ಮತ್ತೆ ಇದಕ್ಕೆ ಬಂದರು. "ಅಯ್ಯೋ, ಮರ ಎಲ್ಲಿ ಹೋಯಿತು?" ಎಂದರು. ನಾನು ಬಿದ್ದುಹೋಯಿತೆಂದೆ. ಅವರು ಲೋಟಗಳನ್ನು ನೆಲದ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕುಳಿತರು. ಅವರ ಊರಿನ ಮನೆಯ ಮುಂದೆ ಇದ್ದ ಹಲಸಿನ ಮರದ ವಿಷಯ ಹೇಳತೊಡಗಿದರು. ಆ ಮರವನ್ನು ಕಡಿದಾಗ ತಾವು ಅಲ್ಲಿರಲಿಲ್ಲ, ಹಬ್ಬಕ್ಕೆ ಹೋದಾಗ ಅಂಗಳವೆಲ್ಲ ಬೆಳಕಾಗಿತ್ತು ಎಂದರು. ಅವರ ಮಗನಿಗೂ ಆ ಮರದ ಸಂಗತಿ ಗೊತ್ತಿರಲಿಲ್ಲ.

ಆ ಹಾಳೆಯಲ್ಲಿ ಇರುವುದು ನೀಲಿ ಆಕಾಶ, ನೀಲಿ ನೀರು, ಒಂದು ಬೆಟ್ಟ. ಒಂಟಿಯಾಗಿ ಅದು ಬ್ಯಾಂಕಿನ ಕ್ಯಾಲೆಂಡರಿಗೆ ಧಾರಾಳವಾಗಿ ಸಲ್ಲುತ್ತದೆ. ಅದರ ಮುಂದೆ ಒಬ್ಬರು ಕುರ್ಚಿ ಎಳೆದುಕೊಂಡು ಕೂರುವಂತಾದದ್ದು ಅದಕ್ಕೆ ಮುಂಚಿನ ಹಾಳೆಗಳಿಂದ. ಅವರು ಯಾವ ಹಾಳೆಯಲ್ಲೂ ಮರವನ್ನು ಗಮನವಿಟ್ಟು ನೋಡಿರಲಿಲ್ಲ. ಗಮನವಿಡದೆಯೇ ಅದರ ಜೊತೆ ಒಂದು ವರ್ಷ ಕಳೆದಿದ್ದರು. ನನ್ನ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆಯೆಂದು ನನಗನ್ನಿಸುತ್ತದೆ. ಮನುಷ್ಯರಿಲ್ಲದ ಚಿತ್ರದಲ್ಲಿ ಆಲಂಬನವನ್ನು ಮೊದಲೇ ಇಡಲು ಬರುವುದಿಲ್ಲ. ಹಾಳೆಯಿಂದ ಹಾಳೆಗೆ ನೋಡುತ್ತ ಬರುವವರ ರೂಢಿಯಲ್ಲಿ ಅದು ಮೆಲ್ಲಗೆ ಬೆಳೆಯುತ್ತದೆ. ಬಾರಾಮಾಸದಲ್ಲಿ ನಾಯಕ ಹೊರಟುಬಿಟ್ಟಾನೆಂಬ ಆತಂಕವಿರುತ್ತದಲ್ಲ, ನಮ್ಮ ಕೆರೆಯ ಸರಣಿಯಲ್ಲಿ ಹೊರಟದ್ದು ಆ ಮರ.

ಬಿಡಿ ಹಾಳೆಯ ಬೆಲೆ

ಮೊನೆಯ ಬಣವೆಗಳು ಒಟ್ಟಿಗೆ ಉಳಿಯಲಿಲ್ಲ. ಸರಣಿ ಒಟ್ಟಿಗಿದ್ದಾಗ, ಒಂದರೊಡನೆ ಒಂದನ್ನು ಹೋಲಿಸಿ ನೋಡಿದಾಗ ಮಾತ್ರ ಅವುಗಳಿಗೆ ಪೂರ್ತಿ ಬೆಲೆ ಎಂಬರ್ಥದ ಮಾತನ್ನು ಅವನೇ ಆಡಿದ್ದನೆಂದು 1891ರಲ್ಲಿ ಅವನನ್ನು ಕಂಡ ಡಚ್ ಲೇಖಕನೊಬ್ಬ ಬರೆದಿದ್ದಾನೆ. ಆದರೂ ಚಿತ್ರಗಳು ಬಿಡಿಬಿಡಿಯಾಗಿ ಮಾರಾಟವಾಗಿ ದೇಶದೇಶಗಳಿಗೆ ಹೋದವು. ಅವುಗಳಲ್ಲಿ ಒಂದು 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 11 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಆರು ಬಣವೆಗಳಿವೆ. ಒಂದೇ ಕಡೆ ಇರುವ ಅತಿ ದೊಡ್ಡ ಗುಂಪು ಅದು. ಬಹುಶಃ ಈ ಚೆದುರುವಿಕೆಯನ್ನು ಕಂಡೇ ಅವನು ಕಡೆಗಾಲದ ನೈದಿಲೆಗಳನ್ನು ಯಾರೂ ಬಿಡಿಸಿ ಒಯ್ಯಲಾಗದಂತೆ ಮಾಡಿದ. ಮೊದಲ ಮಹಾಯುದ್ಧದ ಕದನವಿರಾಮ ಘೋಷಣೆಯಾದ ಮರುದಿನ ಫ್ರಾನ್ಸಿಗೆ ಚಿತ್ರಗಳ ಕೊಡುಗೆ ಕೊಡುವುದಾಗಿ ಅಲ್ಲಿನ ಪ್ರಧಾನಿ ಕ್ಲೆಮಾನ್ಸೊಗೆ ಬರೆದ ಅವನ ಮಾತು ಬೆಳೆದು, 1927ರಲ್ಲಿ, ಅವನು ತೀರಿಕೊಂಡ ಮರುವರ್ಷ, ಪ್ಯಾರಿಸ್ಸಿನ ಆರೆಂಜೆರಿ ಸಂಗ್ರಹಾಲಯದ ಎರಡು ಅಂಡಾಕಾರದ ಕೋಣೆಗಳ ಗೋಡೆಗಳಿಗೆ ಆ ಎಂಟು ಉದ್ದನೆಯ ಚಿತ್ರಗಳು ಅಂಟಿಕೊಂಡವು. ಅಲ್ಲಿ ನೋಡುವವರು ಸರಣಿಯ ನಡುವೆಯೇ ನಿಲ್ಲುತ್ತಾರೆ.

ನನ್ನದು ಸಣ್ಣ ಪ್ರಮಾಣದ ಕೆಲಸ. ಆದರೂ ಪ್ರಶ್ನೆ ಅದೇ. ಹಾಳೆಗಳನ್ನು ನೋಡಿದ ಪರಿಚಿತರೊಬ್ಬರು ಮೇ ಸಂಜೆಯ ಚಿತ್ರ ಮನೆಗೆ ಬೇಕೆಂದರು. ಮನೆಯಲ್ಲಿ ಶೃಂಗಾರ, ಹಾಸ್ಯ, ಶಾಂತ ರಸದ ಚಿತ್ರಗಳಷ್ಟೇ ಇರಬೇಕು, ಉಳಿದವು ಅರಮನೆಗೂ ದೇವಾಲಯಕ್ಕೂ ಸಲ್ಲುತ್ತವೆ ಎನ್ನುತ್ತದೆ ಚಿತ್ರಸೂತ್ರ. ನನ್ನ ಸಂಕೋಚಕ್ಕೆ ಕಾರಣ ಅದಲ್ಲ. ಅವರ ಗೋಡೆಯ ಮೇಲೆ ಒಂಟಿಯಾಗಿ ಹೋದರೆ ಅದು ಬೆಳದಿಂಗಳಾಗಿಬಿಡುತ್ತದೆ, ಭಯ ಇಲ್ಲಿಯೇ ಉಳಿದುಬಿಡುತ್ತದೆ. ಹಾಗಾಗಿ ಈ ಸರಣಿಯಿಂದ ಒಂದೇ ಹಾಳೆಯನ್ನು ಯಾರಿಗೂ ಕೊಡುವುದಿಲ್ಲವೆಂದು ನಿಶ್ಚಯಿಸಿದ್ದೇನೆ, ಕೊಟ್ಟರೆ ಜೋಡಿ. ಮೇ ಸಂಜೆಯ ಜೊತೆಗೆ ಏಪ್ರಿಲ್‌ನ ನೀರಸ ಹಾಳೆಯನ್ನು, ಬೇಕಾದರೆ ಅದಕ್ಕೆ ಬೆಲೆಯಿಲ್ಲದೆಯೇ, ಒಯ್ಯಬೇಕೆಂದು ಹೇಳಿದೆ. ಎರಡನ್ನೂ ಒಂದೇ ಗೋಡೆಯ ಮೇಲೆ, ನಡುವೆ ಒಂದು ಗೇಣು ಬಿಟ್ಟು, ಆಚೆ ದಡದ ಗೆರೆ ಎರಡರಲ್ಲೂ ಒಂದೇ ಮಟ್ಟಕ್ಕೆ ಬರುವಂತೆ ತೂಗುಹಾಕಬೇಕು, ಏಪ್ರಿಲ್ ಎಡಕ್ಕಿರಬೇಕು. ಗೋಡೆಯ ಅಳತೆ ತೆಗೆದು ತಿಳಿಸುವುದಾಗಿ ಅವರು ಹೇಳಿದ್ದಾರೆ.